ಅಡ್ಡಹೆಸರು ಅಡ್ಡಿಯಲ್ಲ

ಯಾವ ಮನುಷ್ಯನೂ ತನ್ನ ಹೆಸರನ್ನು ತಾನೇ ಇಟ್ಟುಕೊಂಡು ಹುಟ್ಟುವುದಿಲ್ಲ. ಹೆಸರನ್ನು ತಾಯಿತಂದೆಗಳು ಇಡುತ್ತಾರೆ. ಅಡ್ಡಹೆಸರನ್ನು ಯಾರು ಇಟ್ಟರೆಂಬುದು ಅನೇಕ ಸಲ ಮನೆಯವರಿಗೇ ತಿಳಿದಿರುವುದಿಲ್ಲ. ಹೀಗೆ ಯಾರೋ ಎಂದೋ ಇಟ್ಟ ಹೆಸರಿಗಾಗಿ ನಾನು ಒಂದು ವರ್ಷ ನಾಚಿಕೊಂಡೆ, ಎರಡು ತಿಂಗಳು ಕಚೇರಿಗಳಿಗೆ ಅಲೆದೆ, ಕೊನೆಗೆ ಅದನ್ನು ಕಿತ್ತು ಒಗೆಯಬೇಕೆಂದು ನಿಶ್ಚಯಿಸಿದೆ. ಆ ನಿಶ್ಚಯ ಹೇಗೆ ಸಡಿಲಾಯಿತೆಂಬುದನ್ನು ನನ್ನ ವಿದ್ಯಾರ್ಥಿ ಮಿತ್ರರ ಹಾಗೂ ಗುರುಗಳ ಮುಂದೆ ನಿವೇದಿಸಿಕೊಳ್ಳಬೇಕೆಂದೇ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ನನ್ನ ಅಡ್ಡಹೆಸರು ತೆಗ್ಗಿನಮನಿ. ನಮ್ಮ ಯಲಬುರ್ಗಾ ಕಡೆಗೆ ಇದೇನು ಅಪರೂಪದ ಹೆಸರಲ್ಲ. ಆದರೆ ಒಂದು ಬೇಸಿಗೆಯ ರಜೆಯಲ್ಲಿ ನಾನು ಬೆಂಗಳೂರಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ ಅಲ್ಲಿಯ ಹುಡುಗರಿಗೆ ಅದೊಂದು ವಿನೋದದ ವಸ್ತುವಾಯಿತು. “ಹಳ್ಳದಲ್ಲಿ ಯಾಕೆ ಮನೆ ಕಟ್ಟಿದಿರಿ? ಮಳೆ ಬಂದರೆ ಏನು ಮಾಡುತ್ತೀರಿ?” ಎಂದು ದಿನಕ್ಕೆ ಎರಡು ಸಲವಾದರೂ ಕೇಳುವರು. ನನ್ನ ಜೊತೆಗೆ ಕುಷ್ಟಗಿಯ ಕಡೆಯವನೊಬ್ಬನಿದ್ದ. ಅವನ ಅಡ್ಡಹೆಸರು ಉಳ್ಳಾಗಡ್ಡಿ. ಅವನ ಪಾಡಂತೂ ಹೇಳತೀರದು. ನಾವಿಬ್ಬರೂ ಊರಿಗೆ ಮರಳುವಷ್ಟರಲ್ಲಿ ನಮ್ಮ ಹೆಸರನ್ನು ಮೆಲ್ಲಗೆ ಹೇಳುವ ಅಭ್ಯಾಸವನ್ನು ಕಲಿತುಬಿಟ್ಟಿದ್ದೆವು.

ಇದು ನಗೆಯ ಮಾತಾಯಿತು. ವಿದ್ಯಾರ್ಥಿವೇತನದ ಅರ್ಜಿಯ ಮಾತು ಹಾಗಲ್ಲ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ನನ್ನ ಅಡ್ಡಹೆಸರಿಗೆ ಇಂಗ್ಲಿಷಿನ ಎರಡು ‘ಜಿ’ಗಳಿವೆ, ಆಧಾರ್ ಕಾರ್ಡಿನಲ್ಲಿ ಒಂದೇ ‘ಜಿ’, ಬ್ಯಾಂಕಿನ ಪುಸ್ತಕದಲ್ಲಿ ಹೆಸರು ಎರಡು ತುಂಡಾಗಿ, ‘ತೆಗ್ಗಿನ’ ಒಂದು ಕಡೆ, ‘ಮನಿ’ ಒಂದು ಕಡೆ ಆಗಿವೆ. ಇಂಗ್ಲಿಷ್ ಅಕ್ಷರಗಳಲ್ಲಿ ‘ಮನಿ’ಗೂ ‘ಮಣಿ’ಗೂ ಭೇದವಿಲ್ಲವಷ್ಟೆ. ಹೀಗಾಗಿ ಒಂದು ಕಚೇರಿಯಲ್ಲಿ ನನ್ನನ್ನು “ಮಣಿ ಯಾರ್ರೀ?” ಎಂದು ಕೂಗಿದರು. ನಾನು ಸುಮ್ಮನೆ ಕುಳಿತೆ, ನನ್ನ ಸರದಿ ಹೋಯಿತು. ಮೂರು ಕಾಗದಗಳಲ್ಲಿ ಮೂವರಾಗಿ ನಿಂತ ನನಗೆ ಆ ವರ್ಷ ಹಣ ಬರಲಿಲ್ಲ. ಆಗ ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಿ, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಅಡ್ಡಹೆಸರನ್ನೇ ಬಿಟ್ಟು, ದಕ್ಷಿಣದವರಂತೆ ಒಂದು ಇನಿಶಿಯಲ್ ಇಟ್ಟುಕೊಳ್ಳುವುದೇ ಲೇಸೆಂದು ತೋರಿತು.

ಈ ಮಾತನ್ನು ಅಪ್ಪನ ಮುಂದೆ ತೆಗೆದೆ. ಅವನು ಬೈಯಲಿಲ್ಲ. “ತೆಗಸೋ ಹಂಗಿದ್ರ ತೆಗಸು. ಆದ್ರ ಮನಿ ಮಾರೋ ಮುಂದ ಒಳಗ ಏನೈತಿ ಅಂತ ಒಮ್ಮೆ ನೋಡತಾರ” ಎಂದಷ್ಟೇ ಹೇಳಿ ಎದ್ದುಹೋದ.

ಒಳಗೆ ಏನಿದೆ ಎಂಬುದನ್ನು ನೋಡುವ ಪ್ರಸಂಗ ಇನ್ನೊಂದು ದಿಕ್ಕಿನಿಂದ ಬಂದಿತು. ನನ್ನ ತರಗತಿಯಲ್ಲಿ ಗಂಗಾವತಿಯ ಕಡೆಯ ಕ್ಯಾಂಪೊಂದರಿಂದ ಬರುವ ಗೆಳೆಯನೊಬ್ಬನಿದ್ದಾನೆ. ಮನೆಮಾತು ತೆಲುಗು. ಕನ್ನಡವನ್ನು ನನಗಿಂತ ಚೆನ್ನಾಗಿ ಬರೆಯುತ್ತಾನೆ. ಒಮ್ಮೆ ಮಾತಿಗೆ ಮಾತು ಬಂದು, “ನಿಮ್ಮ ಊರು ಯಾವುದು?” ಎಂದೆ. ಕ್ಯಾಂಪಿನ ಹೆಸರು ಹೇಳಿದ. “ಅದಲ್ಲ, ನಿಮ್ಮ ಮೂಲ ಊರು?” ಎಂದೆ. ಅವನು ತುಸು ಹೊತ್ತು ನನ್ನ ಮುಖ ನೋಡಿ, “ನಮ್ಮ ತಾತ ಇಲ್ಲಿಗೆ ಬಂದು ಅರವತ್ತು ವರ್ಷದ ಮೇಲಾಯಿತು. ಇರಲಿ, ನಿಮ್ಮ ಮೂಲ ಊರು ಯಾವುದು?” ಎಂದು ಕೇಳಿದ. ನಾನು ನಗುತ್ತ, “ನಮ್ಮದೇನು, ಇದೇ ಊರು” ಎಂದೆ. ಆದರೆ ರಾತ್ರಿ ಮಲಗಿದಾಗ ಒಂದು ಸಂದೇಹ ಹುಟ್ಟಿತು. ನಮ್ಮ ಅಡ್ಡಹೆಸರು ತೆಗ್ಗಿನಮನಿ. ನಮ್ಮ ಮನೆ ಇರುವುದಾದರೋ ದಿನ್ನೆಯ ಮೇಲೆ!

ಮರುದಿನ ಅಜ್ಜಿಯನ್ನು ಕೇಳಿದೆ. “ಈ ಊರಾಗ ತೆಗ್ಗು ಎಲ್ಲೈತೋ ತಮ್ಮಾ? ಆ ತೆಗ್ಗು ಬ್ಯಾರೆ ಊರಾಗಿಂದು. ನಿಮ್ಮ ಮುತ್ತ್ಯಾನ ಅಪ್ಪ ದೊಡ್ಡ ಬರಗಾಲದಾಗ ಮಲಪ್ರಭಾದ ಆಚಿಕಿಂದ ಎರಡು ಎತ್ತು, ಒಂದು ಕೂಸು ಕರಕೊಂಡು ಬಂದಾನಂತ. ಎತ್ತು ದಾರ್ಯಾಗ ಸತ್ತವಂತ. ಹೆಸರು ಒಂದು ಉಳೀತು” ಎಂದಳು. ಆ ಬರ ದಖ್ಖನ್ನೆಲ್ಲ ಸುಟ್ಟ 1876–78ರದೋ ಬೇರೊಂದೋ ಅಜ್ಜಿಗೆ ತಿಳಿಯದು. ಆದರೆ ಒಂದು ಮಾತು ನನಗೆ ತಿಳಿಯಿತು. ನಾನು ಗೆಳೆಯನನ್ನು ಕೇಳಿದ ಪ್ರಶ್ನೆಯನ್ನು ನನ್ನ ಮನೆತನವನ್ನೂ ಯಾರೋ ಒಮ್ಮೆ ಕೇಳಿದ್ದರು. ಅದಕ್ಕೆ ಕೊಟ್ಟ ಉತ್ತರವೇ ನಮ್ಮ ಅಡ್ಡಹೆಸರು.

ಅಂದಿನಿಂದ ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಅಡ್ಡಹೆಸರುಗಳನ್ನು ಕಿವಿಗೊಟ್ಟು ಕೇಳತೊಡಗಿದೆ. ಈ ನಾಲ್ಕು ತಾಲೂಕುಗಳು 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾದವು. ಆಮೇಲೆ ಇವುಗಳ ಹೊಟ್ಟೆಯಿಂದಲೇ ಕುಕನೂರು, ಕನಕಗಿರಿ, ಕಾರಟಗಿ ತಾಲೂಕುಗಳು ಹುಟ್ಟಿದವು. ಜಿಲ್ಲೆ ಹೊಸದು, ಹೆಸರುಗಳು ಹಳೆಯವು. ಅವುಗಳಲ್ಲಿ ಕೆಲವು ಬಗೆಗಳನ್ನು ಗುರುತಿಸಬಹುದು.

ಮನೆಯಿಂದ ಬಂದವು ಒಂದು ಬಗೆ: ಹೊಸಮನಿ, ಹಳೇಮನಿ, ದೊಡ್ಡಮನಿ, ಕೆಳಗಿನಮನಿ, ಮ್ಯಾಗಳಮನಿ, ಮೂಲಿಮನಿ. ಕಸುಬಿನಿಂದ ಬಂದವು ಮತ್ತೊಂದು: ಬಡಿಗೇರ, ಕಮ್ಮಾರ, ಕುಂಬಾರ, ಗಾಣಿಗೇರ, ಪತ್ತಾರ. ಬೆಳೆ, ವ್ಯಾಪಾರಗಳ ವಾಸನೆಯುಳ್ಳವು ಮೂರನೆಯವು: ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ, ಅಕ್ಕಿ. ಇವನ್ನು ಕೇಳಿ ನಗುವವರು, ‘ಶಾಂತಕವಿ’ ಎಂದು ಕನ್ನಡಿಗರು ತಲೆಬಾಗುವ ಹಿರಿಯರ ಹೆಸರು ಸಕ್ಕರಿ ಬಾಳಾಚಾರ್ಯರೆಂಬುದನ್ನು ನೆನೆಯಬೇಕು. ಸಕ್ಕರೆಗೆ ಸಲ್ಲುವ ಗೌರವ ಉಳ್ಳಾಗಡ್ಡಿಗೆ ಏಕೆ ಸಲ್ಲಬಾರದು?

ಅಧಿಕಾರದಿಂದ ಬಂದವು ನಾಲ್ಕನೆಯ ಬಗೆ. ಶಾಸನಗಳ ‘ಗಾವುಂಡ’ನು ಇಂದಿನ ಗೌಡ, ‘ತಳಾರ’ನು ಇಂದಿನ ತಳವಾರ. ಓಲೆಯನ್ನು ಒಯ್ಯುತ್ತಿದ್ದವನು ವಾಲೀಕಾರ. ಇವುಗಳ ಮೇಲೆ ಮರಾಠಿಯಿಂದ ಕುಲಕರ್ಣಿ, ದೇಶಪಾಂಡೆ ಬಂದು ಕುಳಿತವು. ನಮ್ಮ ಸೀಮೆ 1948ರ ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕೊಪ್ಪಳವು ಸಾಲಾರಜಂಗ ಮನೆತನದ ಜಾಗೀರು. ದಫ್ತರದ ಭಾಷೆ ಉರ್ದು. ಆದಕಾರಣ ಜಾಗೀರದಾರ, ಇನಾಮದಾರ, ಕಿಲ್ಲೇದಾರ, ಹವಾಲದಾರ ಎಂಬ ಹೆಸರುಗಳು ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದೆ ಮನೆಗಳ ಮೇಲೆ ಅಂಟಿಕೊಂಡವು. ಅರಳೆ ಹಿಂಜುವವನಿಗೆ ಒಂದು ಓಣಿಯಲ್ಲಿ ಪಿಂಜಾರ ಎಂದರೆ ಇನ್ನೊಂದು ಓಣಿಯಲ್ಲಿ ಅರಬ್ಬಿ ಮಾತಿನಿಂದ ನದಾಫ ಎನ್ನುತ್ತಾರೆ. ಕೆಲಸ ಒಂದೇ, ಬಿಲ್ಲು ಒಂದೇ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದವು ಊರಿನಿಂದ ಬಂದ ಹೆಸರುಗಳು. ವಾಚಕರು ಒಂದು ಸಂಗತಿಯನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಕುಷ್ಟಗಿಯಲ್ಲಿಯೇ ಇರುವವನನ್ನು ಕುಷ್ಟಗಿಯವರು ‘ಕುಷ್ಟಗಿ’ ಎಂದು ಏಕೆ ಕರೆದಾರು? ಅಲ್ಲಿ ಎಲ್ಲರೂ ಕುಷ್ಟಗಿಯವರೇ. ಅವನು ಗದಗಿಗೋ ಹುಬ್ಬಳ್ಳಿಗೋ ಹೋಗಿ ನೆಲಸಿದ ಮೇಲೆ ಅಲ್ಲಿಯವರು ಅವನಿಗೆ ಆ ಹೆಸರನ್ನು ಕೊಡುತ್ತಾರೆ. ಊರಿನ ಹೆಸರನ್ನು ಹೊತ್ತವನೆಂದರೆ ಆ ಊರನ್ನು ಬಿಟ್ಟು ಬಂದವನ ಮಗನೋ ಮೊಮ್ಮಗನೋ ಆಗಿರುತ್ತಾನೆ.

ದೊಡ್ಡವರ ಹೆಸರುಗಳನ್ನೇ ನೋಡಿರಿ. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದು ಗೋಕಾಕಿನಲ್ಲಲ್ಲ, ಸವಣೂರಿನಲ್ಲಿ. ಗಿರೀಶ ಕಾರ್ನಾಡರ ಹೆಸರಿನ ಕಾರ್ನಾಡು ಮೂಲ್ಕಿಯ ಹತ್ತಿರದ ಊರು. ಅವರು 1938ರಲ್ಲಿ ಹುಟ್ಟಿದ್ದು ಮಹಾರಾಷ್ಟ್ರದ ಮಾಥೇರಾನದಲ್ಲಿ, ಬೆಳೆದದ್ದು ಶಿರಸಿ, ಧಾರವಾಡಗಳಲ್ಲಿ. ನಾಮವಿಜ್ಞಾನವನ್ನು ಕನ್ನಡದಲ್ಲಿ ಬೆಳೆಸಿದ ಎಂ. ಎಂ. ಕಲಬುರ್ಗಿಯವರು ಹುಟ್ಟಿದ್ದು ಇಂದಿನ ವಿಜಯಪುರ ಜಿಲ್ಲೆಯಲ್ಲಿ. ನಮ್ಮ ಕೊಪ್ಪಳದ ಕವಿ ಗವಿಸಿದ್ಧ ಎನ್. ಬಳ್ಳಾರಿಯವರನ್ನು ನೆನೆದರಂತೂ ಮನಸ್ಸಿಗೆ ಹಿತವಾಗುತ್ತದೆ. ಹೆಸರು ಕೊಪ್ಪಳದ ಗವಿಮಠದ್ದು, ಅಡ್ಡಹೆಸರು ತುಂಗಭದ್ರೆಯ ಆಚೆಯದು. ಹಾಸ್ಯದ ಮಾತುಗಳಿಂದ ನಾಡನ್ನು ನಗಿಸುವ ಪ್ರಾಣೇಶರು ಹೊರಗೆ ಹೋದ ಮೇಲೆಯೇ ‘ಗಂಗಾವತಿ ಪ್ರಾಣೇಶ’ರಾದರು. 1858ರಲ್ಲಿ ಕೊಪ್ಪಳದ ಕೋಟೆಯಲ್ಲಿ ನಿಂತು ಆಂಗ್ಲರೊಡನೆ ಹೋರಾಡಿ ಮಡಿದ ವೀರನನ್ನು ನಾವು ಇಂದಿಗೂ ಮುಂಡರಗಿ ಭೀಮರಾಯನೆಂದೇ ಕರೆಯುತ್ತೇವೆ. ಅವನು ನಮ್ಮ ಕೋಟೆಗಾಗಿ ಪ್ರಾಣ ಕೊಟ್ಟ. ಹೆಸರಿನಲ್ಲಿ ಮಾತ್ರ ತನ್ನೂರನ್ನು ಉಳಿಸಿಕೊಂಡ.

ಇದೆಲ್ಲ ನಮ್ಮ ಕಡೆಯ ರೂಢಿಯೆಂದು ನಾನು ತಿಳಿದಿದ್ದೆ. ನಮ್ಮ ಗ್ರಂಥಾಲಯದಲ್ಲಿ ಸ್ಪೇನ್ ದೇಶದ ವಿಷಯವಾಗಿ ಓದುತ್ತಿದ್ದಾಗ ಆಶ್ಚರ್ಯವೊಂದು ಎದುರಾಯಿತು. ಆ ದೇಶದಲ್ಲಿ ಫೆರ್ನಾಂಡೆಸ್, ರೊಡ್ರಿಗೆಸ್ ಮೊದಲಾದ ಅಡ್ಡಹೆಸರುಗಳು ಮನೆಮನೆಗೂ ಉಂಟು. ಅವುಗಳ ಅರ್ಥ ಫೆರ್ನಾಂಡೋನ ಮಗ, ರೊಡ್ರಿಗೋನ ಮಗ ಎಂದಷ್ಟೆ. ಇವುಗಳ ಪೋರ್ತುಗೀಜ ರೂಪಗಳೇ ಗೋವೆಯಿಂದ ಮಂಗಳೂರಿಗೆ ಬಂದ ಕ್ರೈಸ್ತರ ಫರ್ನಾಂಡಿಸ್, ರೊಡ್ರಿಗಸ್. ಆದರೆ ಸ್ಪೇನಿನ ಉತ್ತರದಲ್ಲಿ, ಪಿರಿನೀಸ್ ಪರ್ವತದ ಬದಿಗೆ ಬಾಸ್ಕ್ ಎಂಬ ಜನರಿದ್ದಾರೆ. ಅವರ ನುಡಿಗೆ ಸುತ್ತಲಿನ ಯಾವ ನುಡಿಯೊಡನೆಯೂ ನಂಟಿಲ್ಲ. ಅವರ ಅಡ್ಡಹೆಸರುಗಳು ಉಳಿದ ಸ್ಪೇನಿನವರಿಗೆ ವಿಚಿತ್ರವಾಗಿ ಕೇಳಿಸುತ್ತವೆ, ಕೇಳಿದೊಡನೆ “ನೀವು ಎಲ್ಲಿಯವರು?” ಎನ್ನುವಂತೆ ಇರುತ್ತವೆ. ಆ ಹೆಸರುಗಳ ಅರ್ಥವನ್ನು ನೋಡಿದರೆ ನಮ್ಮ ಓಣಿಯನ್ನೇ ಹೊಕ್ಕಂತಾಗುತ್ತದೆ. ಬಾಸ್ಕ್ ನುಡಿಯಲ್ಲಿ ‘ಎಚೆ’ ಎಂದರೆ ಮನೆ, ‘ಬೆರ್ರಿ’ ಎಂದರೆ ಹೊಸದು. ಎಚೆವೆರ್ರಿಯಾ ಎಂದರೆ ಹೊಸಮನಿ! 1904ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಸ್ಪೇನಿನ ನಾಟಕಕಾರ ಎಚೆಗರಾಯ್ ಎಂಬವರು ನಮ್ಮಲ್ಲಿ ಹುಟ್ಟಿದ್ದರೆ ಮ್ಯಾಗಳಮನಿಯವರಾಗುತ್ತಿದ್ದರು. ಬರ್ರೆನೆಚೆಯಾ ಎಂದರೆ ಕೆಳಗಿನ ಮನೆ. ಅದನ್ನು ಓದಿದಾಗ ಏಳು ಸಮುದ್ರದ ಆಚೆ ನನಗೊಬ್ಬ ದಾಯಾದಿ ಸಿಕ್ಕಷ್ಟು ಸಂತೋಷವಾಯಿತು.

ಆ ಜನರಲ್ಲಿ ಹಿಂದೆ ಮನೆಯೇ ಮುಖ್ಯ, ಮನುಷ್ಯನು ಆಮೇಲೆ. ಮನೆಗೆ ಹೆಸರಿರುತ್ತಿತ್ತು, ಒಳಗೆ ಬಂದು ನೆಲಸಿದವರು, ಮನೆಯಳಿಯನಾದರೂ ಸರಿ, ಆ ಹೆಸರನ್ನೇ ಹೊರುತ್ತಿದ್ದರು. ಮುಂದೆ ಅವರು ಹಡಗು ಹತ್ತಿ ದಕ್ಷಿಣ ಅಮೇರಿಕೆಗೆ ಹೋದರು. ಅಲ್ಲಿಯ ಹಲವು ದೇಶಗಳನ್ನು ಸ್ಪೇನಿನ ಆಳಿಕೆಯಿಂದ ಬಿಡಿಸಿದ ಬೊಲಿವಾರನ ಹೆಸರು ಬಾಸ್ಕ್ ಸೀಮೆಯ ಒಂದು ಹಳ್ಳಿಯದು. ಅದರ ಅರ್ಥ ಬೀಸುವ ಗಿರಣಿಯ ಕಣಿವೆ. ನಮ್ಮ ವಿದ್ಯಾರ್ಥಿಗಳ ಅಂಗಿಯ ಮೇಲೆ ಕಾಣುವ ಚೆ ಗೆವಾರಾ ಹುಟ್ಟಿದ್ದು 1928ರಲ್ಲಿ ಅರ್ಜೆಂಟೀನಾದಲ್ಲಿ. ಗೆವಾರಾ ಎಂಬುದೂ ಬಾಸ್ಕ್ ಸೀಮೆಯ ಹಳ್ಳಿಯೇ. ಬಿಟ್ಟುಬಂದ ಊರನ್ನು ಹೆಸರಿನಲ್ಲಿ ಕಟ್ಟಿಕೊಂಡು ಹೋಗುವುದು ನಮ್ಮೊಬ್ಬರ ರೂಢಿಯಲ್ಲ.

ಇನ್ನೊಂದು ಹೆಸರನ್ನು ಹೇಳದೆ ಮುಂದುವರಿಯಲಾರೆ. ನಮ್ಮಪ್ಪ ಮಳೆ ಹೋದ ವರ್ಷಗಳಲ್ಲಿ ಗೋವೆಗೆ ಗುಳೆ ಹೋಗಿ ಗೌಂಡಿಗಳ ಕೈಕೆಳಗೆ ದುಡಿದವನು. ಹಳೆಯ ಗೋವೆಯ ಇಗರ್ಜಿಯಲ್ಲಿ ಒಬ್ಬ ಸಂತರ ದೇಹವನ್ನು ಇಟ್ಟಿದ್ದಾರೆಂದು, ಹತ್ತು ವರ್ಷಕ್ಕೊಮ್ಮೆ ಅದನ್ನು ಕಾಣಲು ಜಾತ್ರೆಯಂತೆ ಜನ ಸೇರುವರೆಂದು ಅವನು ಹೇಳುತ್ತಿದ್ದ. ಅವರು 1542ರಲ್ಲಿ ಗೋವೆಗೆ ಬಂದ ಸಂತ ಫ್ರಾನ್ಸಿಸ್ ಝೇವಿಯರ್. ಝೇವಿಯರ್ ಎಂಬುದು ಬಾಸ್ಕ್ ಸೀಮೆಯಲ್ಲಿ ಅವರು ಹುಟ್ಟಿದ ಕೋಟೆಮನೆಯ ಹೆಸರು. ಅದೂ ಕೂಡ ‘ಹೊಸ ಮನೆ’ ಎಂಬ ಮಾತಿನಿಂದಲೇ ಬಂದದ್ದು. ನಾಡಿನ ಎಷ್ಟೋ ಶಾಲೆ ಕಾಲೇಜುಗಳ ಬಾಗಿಲ ಮೇಲೆ ಬರೆದಿರುವ ಆ ದೊಡ್ಡ ಹೆಸರಿನ ಅರ್ಥ ಹೊಸಮನಿ ಎಂದು ಅಪ್ಪನಿಗೆ ಹೇಳಿದೆ. ಅವನು ಬಹಳ ಹೊತ್ತು ನಕ್ಕ. ಆಮೇಲೆ, “ಅಲ್ಲಿ ನಮ್ಮ ಹೆಸರು ಯಾರೂ ಕೇಳತಿದ್ದಿಲ್ಲ ಬಿಡು. ನಾವು ಎಲ್ಲಾರೂ ಘಾಟಿಗಳು” ಎಂದ. ಘಟ್ಟದ ಮೇಲಿನಿಂದ ಬಂದ ಕೂಲಿಗೆ ಅಲ್ಲಿ ಹಾಗೆ ಹೀನಾಯವಾಗಿ ಅನ್ನುವುದುಂಟು. ನನ್ನ ನಗೆ ನಿಂತುಹೋಯಿತು. ಯಾಕೆಂದರೆ ಕ್ಯಾಂಪಿನ ಗೆಳೆಯನಿಗೆ ನಾನು ಕೇಳಿದ ಪ್ರಶ್ನೆಯಲ್ಲಿ ಆ ‘ಘಾಟಿ’ ಎಂಬ ಮಾತಿನ ಛಾಯೆ ಇತ್ತು.

ಈಗ ನನ್ನ ಮುಖ್ಯ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ಹೆಸರನ್ನು ಕೇಳಿ ‘ಇವರು ಇಲ್ಲಿಯವರು, ಅವರು ಹೊರಗಿನವರು’ ಎಂದು ವಿಂಗಡಿಸುವ ಹಕ್ಕು ನಮ್ಮಲ್ಲಿ ಯಾರಿಗೂ ಇಲ್ಲ. ತುಂಗಭದ್ರಾ ಆಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾಯಿತು, 1953ರಲ್ಲಿ ನೀರು ಹರಿಯಿತು. ಎಡದಂಡೆಯ ಕಾಲುವೆ ಗಂಗಾವತಿಯ ಎರೆನೆಲಕ್ಕೆ ಬಂದಾಗ ನಮ್ಮವರಿಗೆ ಜೋಳ ಗೊತ್ತು, ಭತ್ತ ಅಷ್ಟಾಗಿ ಗೊತ್ತಿಲ್ಲ. ಕೃಷ್ಣಾ, ಗೋದಾವರಿ, ಗುಂಟೂರು ಸೀಮೆಗಳ ಒಕ್ಕಲಿಗರು ಬಂದು, ಭೂಮಿ ಕೊಂಡು, ಕ್ಯಾಂಪುಗಳನ್ನು ಕಟ್ಟಿ, ಕೆಸರಿನಲ್ಲಿ ನಿಂತು ನಾಟಿ ಮಾಡಿದರು. ‘ನಮ್ಮವರು ಅಗ್ಗಕ್ಕೆ ಭೂಮಿ ಮಾರಿದರು, ಅದೇ ಭೂಮಿಯಲ್ಲಿ ಕೂಲಿಯಾದರು’ ಎಂದು ನಮ್ಮ ಹಿರಿಯರು ನೊಂದು ಹೇಳುವ ಮಾತನ್ನು ನಾನು ಸುಳ್ಳೆನ್ನುವುದಿಲ್ಲ. ಆ ನೋವಿನ ವಿಚಾರ ನಡೆಯಲಿ. ಆದರೆ ಅಂದು ಕೊಂಡವನ ಮೊಮ್ಮಗನು ಇಂದು ನಮ್ಮೊಡನೆ ಬೆಂಚಿನ ಮೇಲೆ ಕುಳಿತು ಹಳಗನ್ನಡ ಓದುತ್ತಿದ್ದಾನೆ. ಅವನನ್ನು ನೆಂಟನೆಂದು ಇನ್ನೆಷ್ಟು ತಲೆಮಾರು ಕರೆಯುವುದು? 2013ರಿಂದ ನಮ್ಮ ಭಾಗಕ್ಕೆ ದೊರೆತ 371(ಜೆ) ಸವಲತ್ತು ಕೂಡ ಸ್ಥಳೀಯನು ಯಾರೆಂಬುದನ್ನು ಹುಟ್ಟು, ವಾಸಗಳಿಂದ ನೋಡುತ್ತದೆಯೇ ಹೊರತು ಅಡ್ಡಹೆಸರಿನಿಂದಲ್ಲ.

ಆ ಗೆಳೆಯನ ಹೆಸರಿನ ಮುಂದಿರುವ ಇನಿಶಿಯಲ್ ಅವನ ತಂದೆಯದೆಂದು ನಾನು ತಿಳಿದಿದ್ದೆ. ಅದು ‘ಇಂಟಿಪೇರು’ ಎಂದು ಅವನು ತಿಳಿಸಿದ. ಇಂಟಿಪೇರು ಎಂದರೆ ಮನೆಹೆಸರು. ನಮ್ಮ ಮನೆಯ ಹೆಸರು ಬಾಲದಲ್ಲಿದೆ, ಅವರದು ತಲೆಯಲ್ಲಿದೆ, ಇಷ್ಟೇ ಅಂತರ. ರಾಷ್ಟ್ರಪತಿಗಳಾಗಿದ್ದ ಸರ್ವೇಪಲ್ಲಿ ರಾಧಾಕೃಷ್ಣನ್ನರ ಸರ್ವೇಪಲ್ಲಿ ನೆಲ್ಲೂರು ಕಡೆಯ ಊರು. ಅವರು ಹುಟ್ಟಿ ಬೆಳೆದದ್ದು ತಿರುತ್ತಣಿಯ ಸೀಮೆಯಲ್ಲಿ. ನಮ್ಮ ತಾಂಡಾಗಳ ರಾಠೋಡ, ಚವ್ಹಾಣ, ಪವಾರ ಎಂಬ ಹೆಸರುಗಳು ರಾಜಸ್ಥಾನದ ನೆನಪನ್ನು ಹೊತ್ತಿವೆ. ಕಿನ್ನಾಳದ ಬಣ್ಣದ ಗೊಂಬೆಗಳು ಕೊಪ್ಪಳದ ಹೆಸರನ್ನು ದೂರ ದೂರಕ್ಕೆ ಒಯ್ದಿವೆ. ಅವನ್ನು ಮಾಡುವ ಚಿತ್ರಗಾರ ಮನೆತನದವರು ತಮ್ಮ ಹಿರಿಯರು ವಿಜಯನಗರದಲ್ಲಿ ಚಿತ್ರ ಬರೆಯುತ್ತಿದ್ದರೆಂದೂ, ಆ ಪಟ್ಟಣ ಹಾಳಾದ ಮೇಲೆ ಇತ್ತ ಬಂದರೆಂದೂ ಹೇಳುತ್ತಾರೆ. ವಿಜಯನಗರ ಬಿದ್ದದ್ದು 1565ರಲ್ಲಿ. ಅಂದು ಕಿನ್ನಾಳದವರು ‘ನೀವು ಹೊರಗಿನವರು’ ಎಂದು ಅವರನ್ನು ತಿರುಗಿಸಿ ಕಳಿಸಿದ್ದರೆ ಇಂದು ನಾವು ಯಾವ ಗೊಂಬೆಯನ್ನು ತೋರಿಸಿ ಹೆಮ್ಮೆಪಡುತ್ತಿದ್ದೆವು? ಇಷ್ಟೇಕೆ, ಮರಾಠಿ ಅಡ್ಡಹೆಸರಿನ ಬೇಂದ್ರೆ, ಮನೆಯಲ್ಲಿ ತಮಿಳಾಡುತ್ತಿದ್ದ ಮಾ್ಸ್ತಿ, ಇವರನ್ನು ಬಿಟ್ಟರೆ ಕನ್ನಡ ಸಾಹಿತ್ಯದ ಮನೆ ಎಷ್ಟು ಬರಿದಾದೀತು!

ಇಲ್ಲಿ ಒಂದು ಆಕ್ಷೇಪಣೆಯನ್ನು ಮುಚ್ಚಿಡುವುದು ಪ್ರಾಮಾಣಿಕತೆಯಾಗಲಾರದು. ನಮ್ಮಲ್ಲಿ ಅಡ್ಡಹೆಸರನ್ನು ಕೇಳುವವರೆಲ್ಲ ಮನೆಯ ಕಥೆಯನ್ನು ತಿಳಿಯಬೇಕೆಂದು ಕೇಳುವುದಿಲ್ಲ. ಬಹಳ ಜನ ಜಾತಿಯನ್ನು ತಿಳಿಯಬೇಕೆಂದು ಕೇಳುತ್ತಾರೆ. ನನ್ನ ಇನ್ನೊಬ್ಬ ಗೆಳೆಯನ ಹೆಸರಿನ ಮುಂದೆ ಶಾಲೆಯ ದಾಖಲೆಯಲ್ಲಿ ‘ಹರಿಜನ’ ಎಂದು ಬರೆದಿತ್ತು. ಅವನ ತಂದೆಗೂ ಹಾಗೆಯೇ ಬರೆದಿತ್ತು. ನಾನು ಅಡ್ಡಹೆಸರಿನ ಹಿರಿಮೆಯನ್ನು ಅವನ ಮುಂದೆ ಕೊಂಡಾಡಿದಾಗ ಅವನು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ನಿನ್ನ ಹೆಸರು ಮನಿ ಹೇಳತೈತಿ, ನನ್ನ ಹೆಸರು ಕೇರಿ ಹೇಳತೈತಿ. ನಿಮ್ಮಜ್ಜಿ ಕತಿ ಹೇಳಿದಳು. ನಮ್ಮಜ್ಜಗ ಮಾಸ್ತರ ಬರದದ್ದ ಅಷ್ಟ.”

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಡಾಕ್ಟರ್ ಅಂಬೇಡ್ಕರರ ಹೆಸರು ನೆನಪಿಗೆ ಬಂದಿತು. ಅವರದು ಸಕಪಾಳ ಮನೆತನ. ಹುಟ್ಟಿದ್ದು 1891ರಲ್ಲಿ ದೂರದ ಮಹೂವಿನಲ್ಲಿ. ಕೊಂಕಣದ ಅಂಬಡವೆ ಎಂಬ ತಮ್ಮ ಹಳ್ಳಿಯ ಹೆಸರಿನಿಂದ ತಂದೆ ಮಗನಿಗೆ ಶಾಲೆಯಲ್ಲಿ ಅಂಬಡವೇಕರ ಎಂದು ಬರೆಸಿದರು. ಅದೇ ಮುಂದೆ ಅಂಬೇಡ್ಕರ್ ಆಯಿತು. ಊರಿನ ಹೆಸರು ಯಾವ ಕೇರಿಯನ್ನೂ ಹೇಳುವುದಿಲ್ಲ. ಊರನ್ನು ಮಾತ್ರ ಹೇಳುತ್ತದೆ. ನನ್ನ ಗೆಳೆಯನೂ ಹೋದ ವರ್ಷ ಪ್ರಮಾಣಪತ್ರ ಮಾಡಿಸಿ ತನ್ನ ಊರಿನ ಹೆಸರನ್ನು ಅಡ್ಡಹೆಸರಾಗಿ ತೆಗೆದುಕೊಂಡ. ಅವನು ಮಾಡಿದ್ದು ಸರಿ. ನಾನು ಮಾಡಹೊರಟಿದ್ದು ಬೇರೆ. ಒಳಗಿನವರು ಹೊತ್ತು ತಂದ ಹೆಸರು ಬೇರೆ, ಹೊರಗಿನವರು ಹಣೆಗೆ ಅಂಟಿಸಿದ ಹೆಸರು ಬೇರೆ. ಮೊದಲನೆಯದನ್ನು ನಾಚಿಕೆಗಾಗಿ ಬಿಡುವುದು ನಷ್ಟ. ಎರಡನೆಯದನ್ನು ಮಾನಕ್ಕಾಗಿ ಬಿಡುವುದು ಹಕ್ಕು. ಈ ಭೇದವನ್ನು ಅರಿಯದೆ ‘ಹಳೆಯ ಹೆಸರುಗಳನ್ನೆಲ್ಲ ಉಳಿಸಿಕೊಳ್ಳಿರಿ’ ಎಂದು ಉಪದೇಶಿಸುವುದು ಮೇಲಿನ ಮನೆಯವರ ಮಾತಾದೀತು.

ಸಹೋದರಿಯರ ಪಾಡನ್ನೂ ಇಲ್ಲಿ ನೆನೆಯಬೇಕು. ನಮ್ಮ ಅಕ್ಕನು ಮದುವೆಯಾದ ಮರುತಿಂಗಳೇ ಅವಳ ಅಡ್ಡಹೆಸರು ಬದಲಾಯಿತು. ಅವಳ ಅಂಕಪಟ್ಟಿಗೂ ಆಧಾರಕ್ಕೂ ಇಂದಿಗೂ ಹೊಂದಿಕೆಯಿಲ್ಲ. ಸ್ಪೇನಿನಲ್ಲಿ ಹೆಂಗಸು ಮದುವೆಯಾದರೂ ತನ್ನ ಹೆಸರನ್ನೇ ಇಟ್ಟುಕೊಳ್ಳುತ್ತಾಳೆ. ಮಕ್ಕಳಿಗೆ ತಂದೆಯದೊಂದು, ತಾಯಿಯದೊಂದು, ಎರಡು ಅಡ್ಡಹೆಸರು. ತಾಯಿಯ ಮನೆಯೂ ಮನೆಯೇ ಅಲ್ಲವೆ? ತೆಗ್ಗಿನಮನಿಯ ಕಥೆಯನ್ನು ಕಾಯ್ದಿಟ್ಟವಳು ಬೇರೆ ಮನೆಯಿಂದ ಬಂದ ಅಜ್ಜಿ. ಆಕೆಯ ತವರಿನ ಅಡ್ಡಹೆಸರು ಏನೆಂದು ನಾನು ಅಂದಿನವರೆಗೆ ಕೇಳಿರಲೇ ಇಲ್ಲ.

ಹೆಸರನ್ನು ತಿದ್ದುವ ಅಧಿಕಾರ ಬಲಿತಾಗ ಏನಾಗುತ್ತದೆಂಬುದಕ್ಕೂ ಬಾಸ್ಕರೇ ಸಾಕ್ಷಿ. ಜನರಲ್ ಫ್ರಾಂಕೋನ ಸರ್ವಾಧಿಕಾರದಲ್ಲಿ ಮಕ್ಕಳಿಗೆ ಬಾಸ್ಕ್ ಹೆಸರು ಇಡಗೊಡುತ್ತಿರಲಿಲ್ಲ. ಅಡ್ಡಹೆಸರುಗಳನ್ನು ದಾಖಲೆಯಲ್ಲಿ ಸ್ಪ್ಯಾನಿಷ್ ಕಾಗುಣಿತದಲ್ಲಿ ಬರೆಯುವುದು ಅದಕ್ಕೂ ಹಿಂದಿನಿಂದ ನಡೆದುಬಂದಿತ್ತು. 1975ರಲ್ಲಿ ಅವನು ಸತ್ತ ಮೇಲೆ ಎಷ್ಟೋ ಜನ ಕಚೇರಿಗೆ ಹೋಗಿ ತಮ್ಮ ಹೆಸರನ್ನು ತಮ್ಮ ನುಡಿಯ ಕಾಗುಣಿತಕ್ಕೆ ಮರಳಿಸಿಕೊಂಡರು. ನಮ್ಮಲ್ಲಿ ಸರ್ವಾಧಿಕಾರಿಯಿಲ್ಲ, ಗಣಕಯಂತ್ರದ ಮುಂದೆ ಕುಳಿತವರ ಅವಸರವೊಂದೇ ಸಾಕಾಗುತ್ತದೆ.

ಆದುದರಿಂದ ನನ್ನ ವಿನಂತಿ ಎರಡು. ಮೊದಲನೆಯದು, ಕಾಲೇಜಿಗೆ ಸೇರುವಾಗಲೇ ಪ್ರತಿಯೊಬ್ಬ ವಿದ್ಯಾರ್ಥಿಯ ಹೆಸರನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಕೇಳಿ ಬರೆದುಕೊಂಡು, ಎಲ್ಲ ಕಾಗದಗಳಲ್ಲಿ ಒಂದೇ ಬಗೆಯಾಗಿರುವಂತೆ ನೋಡಿಕೊಂಡರೆ ನನ್ನಂಥವರ ಒಂದು ವರ್ಷ ಉಳಿದೀತು. ಎರಡನೆಯದು, ನಮ್ಮ ಕನ್ನಡ ಮತ್ತು ಇತಿಹಾಸ ವಿಭಾಗಗಳಲ್ಲಿ ಒಂದು ದಪ್ಪ ವಹಿಯನ್ನಿಡಬೇಕು. ಪ್ರತಿಯೊಬ್ಬರೂ ರಜೆಗೆ ಊರಿಗೆ ಹೋದಾಗ ಮನೆಯ ಹಿರಿಯರನ್ನು ಮೂರು ಪ್ರಶ್ನೆ ಕೇಳಿ ಬರಬೇಕು: ನಮ್ಮ ಅಡ್ಡಹೆಸರಿನ ಅರ್ಥವೇನು? ನಾವು ಯಾವ ಊರಿನಿಂದ ಬಂದೆವು? ಏಕೆ ಬಂದೆವು? ಹೇಳಲು ಇಷ್ಟವಿಲ್ಲದವರನ್ನು ಒತ್ತಾಯಿಸಬಾರದು. ತುಂಗಭದ್ರೆಯ ಜಲಾಶಯದಲ್ಲಿ ಮುಳುಗಿದ ಊರುಗಳ ಹೆಸರು ಯಾರ ಮನೆಯಲ್ಲಾದರೂ ಅಡ್ಡಹೆಸರಾಗಿ ಉಳಿದಿದ್ದರೆ ಅದನ್ನು ಮೊದಲು ಬರೆದಿಡಬೇಕು. ಅಜ್ಜ ಅಜ್ಜಿಯರು ಹೋದ ಮೇಲೆ ಈ ಕಥೆಗಳನ್ನು ಯಾವ ಕಚೇರಿಯ ದಫ್ತರವೂ ಹೇಳಲಾರದು.

ನಾನು ಪ್ರಮಾಣಪತ್ರವನ್ನೇನೋ ಮಾಡಿಸಿದೆ. ಹೆಸರನ್ನು ಬಿಡುವುದಕ್ಕಲ್ಲ, ಎರಡು ‘ಜಿ’ಗಳೊಡನೆ ಒಂದೇ ಮಾತಾಗಿ ಬರೆಯುವುದಕ್ಕೆ. ಆ ಕಾಗದ ಇನ್ನೂ ಒಂದು ಕಚೇರಿಯಿಂದ ಇನ್ನೊಂದಕ್ಕೆ ಪಯಣ ಮಾಡುತ್ತಲೇ ಇದೆ. ಈ ನಡುವೆ ಕ್ಯಾಂಪಿನ ಗೆಳೆಯನು ಒಂದು ರವಿವಾರ ನಮ್ಮೂರಿಗೆ ಬಂದಿದ್ದ. ಅಜ್ಜಿ ಅವನಿಗೆ ರೊಟ್ಟಿ, ಪುಂಡಿಪಲ್ಯ ಬಡಿಸಿ, “ನಿಮ್ಮ ಊರು ಯಾವುದಪ್ಪಾ?” ಎಂದು ಕೇಳಿಯೇಬಿಟ್ಟಳು. ನನಗೆ ಎದೆ ಜುಮ್ಮೆಂದಿತು. ಅವನು ಕ್ಯಾಂಪಿನ ಹೆಸರು ಹೇಳಿದ. “ಹೌದೇನು? ಅಲ್ಲಿ ಈ ವರ್ಷ ಕಾಲುವಿಗೆ ನೀರು ಬಂತೇನು?” ಎಂದು ಅಜ್ಜಿ ಮುಂದಿನ ಪ್ರಶ್ನೆ ಕೇಳಿದಳು. ಊರು ಕೇಳಿದ ಮೇಲೆ ಕೇಳಬೇಕಾದ ಪ್ರಶ್ನೆ ಅದೇ ಎಂದು ನನಗೆ ಅಂದು ಹೊಳೆಯಿತು. ನನ್ನ ಮಿತ್ರರೂ ಹಾಗೆಯೇ ಕೇಳುವರೆಂದು ನಂಬಿ ಈ ಲೇಖನವನ್ನು ಮುಗಿಸುತ್ತೇನೆ.

— ತೆಗ್ಗಿನಮನಿ, ಬಿ. ಎ. ಅಂತಿಮ ವರ್ಷ